ಗಂಜಿ ಅನ್ನಬೇಡಿ, ಚಾವ್ ಅನ್ನಿ

ಮೊದಲೇ ಹೇಳಿಬಿಡುತ್ತೇನೆ, ನಾನು ಬದುಕಿದ್ದೇನೆ. ಇಂಥ ಬರಹ ಕೈಗೆ ಸಿಕ್ಕಾಗಲೆಲ್ಲ ನಾನು ಮೊದಲು ಕೊನೆಯ ಪುಟ ತಿರುವಿ, ಬರೆದವರು ಇದ್ದಾರೋ ಹೋದರೋ ಎಂದು ನೋಡುತ್ತಿದ್ದೆ. ನಿಮಗೆ ಆ ತೊಂದರೆ ಬೇಡ. ಎರಡು ವರ್ಷದ ಹಿಂದೆ ನನ್ನ ಎಡ ಎದೆಯಲ್ಲಿ ಒಂದು ಗಂಟು ಕೈಗೆ ತಗುಲಿತು. ಅದು ಕ್ಯಾನ್ಸರ್ ಎಂದಾಯಿತು, ಆಪರೇಷನ್ ಆಯಿತು, ಆಮೇಲೆ ಕೀಮೋ ಆಯಿತು. ಈಗ ಆರು ತಿಂಗಳಿಗೊಮ್ಮೆ ಕಲಬುರಗಿಗೆ ಹೋಗಿ ತೋರಿಸಿಕೊಂಡು ಬರುತ್ತೇನೆ. ಉಳಿದ ದಿನ ಆಳಂದದಲ್ಲಿ ಭೂಸನೂರ ಕಡೆಯ ಬಸ್ಸು ಹಿಡಿದು ಶಾಲೆಗೆ ಹೋಗಿ, ಮೂರನೇ ತರಗತಿಯ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ.

ರೋಗದ ವಿವರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕೆಂದಿರುವುದು ಬೇರೆ. ಆ ದಿನಗಳಲ್ಲಿ ಒಂದು ಬಟ್ಟಲು ಗಂಜಿ ನನ್ನ ಗಂಟಲಲ್ಲಿ ಇಳಿಯದೆ ಹೋಯಿತು. ಅದಕ್ಕೆ ಅರ್ಧ ಕಾರಣ ಔಷಧ, ಇನ್ನರ್ಧ ಕಾರಣ ಒಂದು ಶಬ್ದ. ಆ ಶಬ್ದ ಮಾಡಿದ ಅನಾಹುತದಲ್ಲಿ ನನ್ನ ಪಾಲೂ ಇದೆ.

ನಮ್ಮ ಮನೆಯಲ್ಲಿ ನಾವು ಮೂವರು. ನಾನು, ನಮ್ಮ ಮನೆಯವರು ಯೂಸುಫ್, ಅವರ ತಾಯಿ. ಅತ್ತೆಯನ್ನು ನಾನೂ ಅಮ್ಮಿ ಎಂದೇ ಕರೆಯುತ್ತೇನೆ. ಮಗಳು ಯಡ್ರಾಮಿಯಲ್ಲಿ ಅವಳ ಸಂಸಾರದಲ್ಲಿದ್ದಾಳೆ. ಯೂಸುಫ್ ಆರು ವರ್ಷ ಗಲ್ಫಿನಲ್ಲಿ ಸೂಪರ್‌ವೈಸರ್ ಆಗಿದ್ದು ಬಂದು, ಈಗ ಬಸ್ ಸ್ಟ್ಯಾಂಡಿನ ಹತ್ತಿರ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾರೆ. ಮನೆಯಲ್ಲಿ ನಾವಾಡುವುದು ದಖನಿ ಉರ್ದು. ನಾನು ಜೇವರ್ಗಿಯವಳು, ಮನೆ ಪಕ್ಕದಲ್ಲೇ ಕನ್ನಡ ಶಾಲೆ ಇದ್ದುದರಿಂದ ಅಲ್ಲೇ ಓದಿ ಕನ್ನಡ ಟೀಚರ್ ಆದೆ. ಅಮ್ಮಿ ಜಹೀರಾಬಾದ್ ಕಡೆಯಿಂದ ಬಂದವರು. ಅವರ ಕನ್ನಡ ಕಾಯಿಪಲ್ಯೆ ಕೊಳ್ಳುವಷ್ಟು, ಅದೂ ಬದನೆಕಾಯಿವರೆಗೆ ಮಾತ್ರ. ಅವರ ಮಾತನ್ನು ಇಲ್ಲಿ ನಾನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಒಂದೆರಡು ಶಬ್ದ ಮಾತ್ರ ಬರಲು ಒಪ್ಪಲಿಲ್ಲ, ಅವು ಹಾಗೇ ಇವೆ.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಹೊಸಬರನ್ನು ಫೈಲು ನೋಡಿಯೇ ಗುರುತಿಸಬಹುದು, ತೆಳ್ಳಗಿರುತ್ತದೆ. ಮೊದಲ ಕೀಮೋದ ದಿನ ನನ್ನದೂ ತೆಳ್ಳಗಿತ್ತು. ಪಕ್ಕದ ಕುರ್ಚಿಯಲ್ಲಿ ಅಫಜಲಪುರದ ಹವಳಗಾದಿಂದ ಬಂದ ಹೆಂಗಸೊಬ್ಬಳು ಕೂತಿದ್ದಳು. ನನ್ನ ಫೈಲಿನ ಕಡೆ ನೋಡಿ, ಬಾಣಂತನದ ಮಾತು ಆಡುವವಳಂತೆ ಕೇಳಿದಳು.

“ನಿಮ್ಮದು ಎಷ್ಟನೇದ್ರಿ?”

“ಮೊದಲನೇದು.”

“ಮೊದಲನೇದು ಅಂಜಸ್ತದ, ಅಷ್ಟs. ನಂದು ಐದನೇದು. ಒಂದು ಮಾತು ಹೇಳ್ತೇನಿ ಕೇಳ್ರಿ. ಕೂದಲ ಹೋದ್ರ ಹೋಗಲಿ, ಊಟ ಬಿಡಬ್ಯಾಡ್ರಿ.”

ಕೂದಲು ಹೋಗುವ ಮಾತನ್ನು ಅವಳು ಅಷ್ಟು ಸಲೀಸಾಗಿ ಆಡಿದ್ದು ನನಗೆ ಸಿಟ್ಟು ತರಿಸಿತು. ಊಟದ ಮಾತು ಕಿವಿಗೆ ಬೀಳಲೇ ಇಲ್ಲ.

ಕೀಮೋ ಆದ ಹದಿನೇಳನೇ ದಿನ ಬೆಳಿಗ್ಗೆ ಬಾಚಣಿಕೆಯಲ್ಲಿ ಒಂದು ಹಿಡಿ ಕೂದಲು ಬಂತು. ಮರುದಿನ ದಿಂಬಿನ ಮೇಲೆ ಇನ್ನೊಂದು ಹಿಡಿ. ಅದಾಗಿ ನಾಲ್ಕನೇ ದಿನ ಅಮ್ಮಿ ನನ್ನನ್ನು ಹಿತ್ತಲಲ್ಲಿ ಕೂರಿಸಿಕೊಂಡು ಉಳಿದದ್ದನ್ನು ತಾವೇ ಕತ್ತರಿಸಿದರು. ಒಂದೊಂದು ಎಳೆಯನ್ನೂ ಹೆಕ್ಕಿ ಹಳೆಯ ದಿಂಬಿನ ಚೀಲದಲ್ಲಿ ತುಂಬಿ, ಬೇವಿನ ಬುಡದಲ್ಲಿ ಹುಗಿದರು. “ಯಾರಿಗೂ ಹೇಳೂದು ಬ್ಯಾಡ” ಎಂದರು. ಹೇಳುವ ಅಗತ್ಯವೂ ಇರಲಿಲ್ಲ. ನನ್ನ ತಲೆಯ ಮೇಲೆ ಮೊದಲಿಂದಲೂ ಓಢಣಿ ಇದ್ದೇ ಇರುತ್ತಿತ್ತು. ಒಳಗೆ ಏನಿದೆ, ಏನಿಲ್ಲ ಎಂಬುದು ನಮ್ಮ ಮೂವರಿಗೆ ಮಾತ್ರ ಗೊತ್ತಿತ್ತು. ಅಮ್ಮಿ ಆ ಗುಟ್ಟನ್ನು ಮನೆಯ ಮಾನದ ಹಾಗೆ ಕಾಯ್ದರು.

ಎರಡನೇ ಕೀಮೋ ಸೂಜಿಯ ನಂತರ ಬಾಯಲ್ಲಿ ಹುಣ್ಣಾದವು. ನಾಲಿಗೆ, ಒಸಡು, ಕೆನ್ನೆಯ ಒಳಗೆ, ಗಂಟಲವರೆಗೆ. ರೊಟ್ಟಿ ಮುರಿಯುವ ಸದ್ದು ಕೇಳಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಜೋಳದ ರೊಟ್ಟಿಯ ನಾಡಿನಲ್ಲಿ ಹುಟ್ಟಿ ರೊಟ್ಟಿಗೆ ಅಂಜುವುದೆಂದರೆ ಏನು ಹೇಳಲಿ. ಆಗ ಪಕ್ಕದ ಮನೆಯ ಮಹಾದೇವಿ, ನಾವು ಕೇಳದೆಯೇ, ದಿನಾ ಬೆಳಿಗ್ಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಗಂಜಿ ತರತೊಡಗಿದಳು. ನುಚ್ಚಕ್ಕಿ, ಹೆಸರುಬೇಳೆ, ಒಂದು ಚಿಟಿಕೆ ಉಪ್ಪು. ಬಾಗಿಲಲ್ಲೇ ಅಮ್ಮಿಯ ಕೈಗೆ ಕೊಟ್ಟು ಹೋಗುತ್ತಿದ್ದಳು. ಮನೆಯೊಳಗೆ ಬಂದರೆ ನನಗೆ ಸೋಂಕು ತಾಗೀತು ಎಂದು ಅವಳಿಗೆ ಭಯ. ಡಬ್ಬಿಯನ್ನು ಖಾಲಿ ಮರಳಿಸಬಾರದು ಎಂಬುದು ನಮ್ಮ ಓಣಿಯ ಎಲ್ಲರ ರಿವಾಜು. ಅಮ್ಮಿ ಅದರಲ್ಲಿ ಒಂದು ಹಿಡಿ ಸಕ್ಕರೆಯೋ ನಾಲ್ಕು ಖರ್ಜೂರವೋ ಹಾಕಿ ಕಳಿಸುತ್ತಿದ್ದರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಉರ್ದುವಿನಲ್ಲಿ ಗಂಜಿ ಎಂದರೆ ಬೋಳುತಲೆಯ ಹೆಂಗಸು. ನಮ್ಮ ಮನೆಯಲ್ಲಿ ತೆಳ್ಳಗೆ ಬೇಯಿಸಿದ ಅನ್ನಕ್ಕೆ ಪತ್ಲಿ ಖಿಚಡಿ ಅನ್ನುತ್ತೇವೆಯೇ ಹೊರತು ಗಂಜಿ ಎನ್ನುವುದಿಲ್ಲ. ಅಮ್ಮಿಗೆ ಆ ಕನ್ನಡ ಶಬ್ದ ಗೊತ್ತಿರಲಿಲ್ಲ. ಮಹಾದೇವಿ ಇಷ್ಟು ದಿನ “ತಗೋರಿ ಅಮ್ಮಾರ” ಎಂದಷ್ಟೇ ಹೇಳಿ ಹೋಗುತ್ತಿದ್ದಳು, ಹೆಸರು ಬಾಯಿಗೆ ಬಂದಿರಲಿಲ್ಲ.

ಮೂರನೇ ಸೂಜಿ ಆಗಿ ಐದನೇ ದಿನ ಬಂತು. ನಾನು ಒಳಗಿನ ಕೋಣೆಯಲ್ಲಿ ಮಲಗಿದ್ದೆ. ಬಾಗಿಲಲ್ಲಿ ಮಹಾದೇವಿಯ ದನಿ ಕೇಳಿಸಿತು.

“ಅಮ್ಮಾರ, ಗಂಜಿ ಹ್ಯಾಂಗದರಿ? ನಿನ್ನಿ ಯಾಕೋ ಸಪ್ಪಗಿತ್ತು ಅನ್ನಸ್ತು ನನಗ. ಇವತ್ತ ಜರಾ ಛಲೋ ಅದ ನೋಡ್ರಿ.”

ಅಮ್ಮಿ “ಕೌನ್ ಗಂಜಿ?” ಎಂದರು. ಯಾರು ಬೋಳಿ ಎಂದು ಅರ್ಥ.

ಮಹಾದೇವಿಗೆ ‘ಕೌನ್’ ಮಾತ್ರ ತಿಳಿಯಿತು. “ನಂದs ಗಂಜಿರಿ, ಮತ್ತ ಯಾರದು” ಎಂದು ನಕ್ಕಳು.

ನಗು ಕೇಳಿಸಿತು, ಆಮೇಲೆ ಅಮ್ಮಿಯ ಹೆಜ್ಜೆ ಕೇಳಿಸಿತು. ಅಮ್ಮಿ ಗಂಜಿಯನ್ನು ಬಚ್ಚಲಿಗೆ ಸುರಿದರು. ಡಬ್ಬಿ ತೊಳೆದರು. ಒರೆಸಿದರು. ಬಾಗಿಲಿಗೆ ಹೋಗಿ ಖಾಲಿ ಡಬ್ಬಿಯನ್ನು ಮಹಾದೇವಿಯ ಕೈಗೆ ಕೊಟ್ಟು, ತಮಗೆ ಬರುವ ಕನ್ನಡದಲ್ಲಿ “ನಾಳಿಂದ ಬ್ಯಾಡ” ಎಂದರು.

“ಯಾಕ್ರಿ ಅಮ್ಮಾರ, ಏನರ ತಪ್ಪಾತೇನ್ರಿ?”

ಅಮ್ಮಿ ಬಾಗಿಲು ಹಾಕಿಕೊಂಡರು. ನನ್ನ ಹತ್ತಿರ ಬಂದು ಓಢಣಿ ಸರಿಮಾಡಿ, “ಯಾರು ಹೇಳಿರಬೇಕು ಅವಳಿಗೆ?” ಎಂದರು.

ಮೂವತ್ತು ವರ್ಷದಲ್ಲಿ ನಾನು ಕರಿಹಲಗೆಯ ಮೇಲೆ ಅದೆಷ್ಟು ಸಲ ಬರೆದಿರಬೇಕು, ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು. ಆ ಹೊತ್ತಿಗೆ ಮನೆಯಲ್ಲಿ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ ಇದ್ದೆ. ಒಂದು ಸಾಲು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

ಯಾಕೆ ಎಂದು ಬಹಳ ಯೋಚಿಸಿದ್ದೇನೆ. ಒಂದು, ಕನ್ನಡ ಟೀಚರ್ ಆದ ನನ್ನ ಕಿವಿಗೂ ಆ ಬೆಳಿಗ್ಗೆ ಗಂಜಿ ಎಂಬುದು ಉರ್ದುವಿನಲ್ಲೇ ಕೇಳಿಸಿತು. ‘ಗಂಜಿ ಹ್ಯಾಂಗದರಿ’ ಎಂದಾಗ ನನ್ನ ಕೈ ತಾನಾಗಿ ತಲೆಗೆ ಹೋಯಿತು. ಅರ್ಥ ಹೊಳೆದದ್ದು ಆಮೇಲೆ. ಇನ್ನೊಂದು ಕಾರಣ ಹೇಳಲು ನಾಚಿಕೆಯಾಗುತ್ತದೆ. ಗಂಜಿ ನಿಂತರೆ ನುಂಗುವ ಹಿಂಸೆಯೂ ತಪ್ಪುತ್ತದೆ ಎಂದು ನನಗೆ ಹಾಯೆನಿಸಿತು. ನನ್ನ ಒಂದು ಹೊತ್ತಿನ ಹಾಯಿಗೆ ಎರಡು ಮನೆಗಳ ಇಪ್ಪತ್ತು ವರ್ಷದ ಬಳಕೆ ಮುರಿದುಬಿತ್ತು.

ಅಮ್ಮಿ ಸುಮ್ಮನೆ ಕೂರಲಿಲ್ಲ. ಕಾಲು ಸೂಪು ಮಾಡಿದರು, ಮೆಣಸು ಹಾಕಿ ಮಾಂಸದ ತಿಳಿಸಾರು, ಯಖನಿ, ಮಾಡಿದರು. ಮೆಣಸಿನ ನೀರು ಹುಣ್ಣಿಗೆ ತಾಗಿದಾಗ ನಾನು ಬಟ್ಟಲು ದೂಡಿದೆ. ಅಮ್ಮಿ ಅದನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅತ್ತರು. ಮಹಾದೇವಿಯ ಬಾಗಿಲು ನಮ್ಮ ಕಡೆಗೆ ತೆರೆಯುವುದು ನಿಂತಿತು.

ನಾಲ್ಕನೇ ಸೂಜಿಯ ದಿನ ತೂಕದ ಯಂತ್ರ ನಲವತ್ತು ಕಿಲೋ ತೋರಿಸಿತು. ಡಾಕ್ಟರಮ್ಮ ನನ್ನ ರಕ್ತದ ರಿಪೋರ್ಟನ್ನೂ ನನ್ನ ಮುಖವನ್ನೂ ನೋಡಿದರು.

“ಟೀಚರ್, ಇವತ್ತ ಕೊಡಾಂಗಿಲ್ಲ. ತೂಕ ಭಾಳ ಇಳದದ, ರಕ್ತನೂ ಕಡಿಮಿ ಅದ. ಹತ್ತು ದಿನ ಕೊಡ್ತೇನಿ, ಉಂಡು ಬರ್ರಿ. ಹೀಂಗs ಮುಂದ ಹಾಕ್ಕೋತ ಹೋದ್ರ ಹಿಂದಿನ ಮೂರೂ ಸೂಜಿ ದಂಡ ಆಗ್ತಾವ.”

ಮೊದಲು ಬಂದದ್ದು ಖುಷಿ. ಸುಳ್ಳು ಯಾಕೆ ಹೇಳಲಿ, ಇವತ್ತು ಸೂಜಿ ಇಲ್ಲ ಎಂದು ಶಾಲೆಗೆ ರಜೆ ಸಿಕ್ಕ ಮಗುವಿನಂತೆ ಖುಷಿಯಾಯಿತು. ಆಮೇಲೆ ಯೂಸುಫ್ ಮುಖ ನೋಡಿದೆ. ಅವರು ಡಾಕ್ಟರಮ್ಮನ ಮೇಜಿನ ಮೇಲಿದ್ದ ಪೆನ್ನನ್ನೇ ನೋಡುತ್ತಿದ್ದರು. ಈ ಮನುಷ್ಯ ನಾನು ಸಾಯುತ್ತೇನೆ ಎಂದುಕೊಂಡಿದ್ದಾನೆ ಎಂದು ಆ ಕ್ಷಣ ತಿಳಿಯಿತು. ಹೆದರಿಕೆ ಆದದ್ದು ಆಗ.

ಬಸ್ಸಿನಲ್ಲಿ ಅವರು ಕೇಳಿದರು. “ಮಹಾದೇವಿ ತರ್ತಿದ್ದ ಗಂಜಿ ಯಾಕ ನಿಂತಿತು?”

ಎಲ್ಲ ಹೇಳಿದೆ. ಅವರು ನಗಲಿಲ್ಲ.

“ನಿನಗ ಗೊತ್ತಿತ್ತು. ಅಮ್ಮಿಗ ಯಾಕ ಹೇಳಲಿಲ್ಲ?”

“ಉಣ್ಣಾಕ ಮನಸಿರಲಿಲ್ಲ” ಎಂದೆ.

ಆಳಂದದಲ್ಲಿ ಇಳಿದ ಮೇಲೆ ನನ್ನನ್ನು ಮನೆಗೆ ಬಿಟ್ಟು ಸಂತೆಗೆ ಹೋದರು. ಎಲುಬು ಸಮೇತ ಅರ್ಧ ಕೋಳಿ, ಹಸಿಶುಂಠಿ, ಉಳ್ಳಾಗಡ್ಡಿ ತಪ್ಪಲು, ಕೊತ್ತಂಬರಿ ತಂದರು. ಕೈಕಾಲು ತೊಳೆದು ನೇರ ಅಡುಗೆಮನೆಗೆ ಹೋದರು. ನಿಕಾಹ್ ಆಗಿ ಇಪ್ಪತ್ತಾರು ವರ್ಷದಲ್ಲಿ ಅವರು ಆ ಕೋಣೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟು ಬೇರೇನೂ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಅಮ್ಮಿ ಗಾಬರಿಯಾದರು. “ಏನು ಬೇಕೋ, ನಾ ಮಾಡ್ತೇನಿ, ನೀ ಹೊರಗ ನಡಿ.”

“ನೀವು ಕೂಡ್ರಿ ಅಮ್ಮಿ.”

ಅವರು ಕೋಳಿಯನ್ನು ಶುಂಠಿಯ ಜೊತೆ ಸಣ್ಣ ಉರಿಯಲ್ಲಿ ಕುದಿಯಲು ಇಟ್ಟರು. ಅಕ್ಕಿ ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ಆರಿಸಿ, ಎಣ್ಣೆ ಇಲ್ಲದೆ ಹುರಿದರು. ಅಮ್ಮಿಗೆ ತಡೆಯಲಾಗಲಿಲ್ಲ. “ಅಕ್ಕಿ ಹುರೀತಾರೇನು, ಇದೇನು ಜೋಳದ ಅರಳು ಮಾಡಾಕತ್ತೀಯೇನು?” ಎಂದರು. ಅಕ್ಕಿ ಹಾಲಿನಂತೆ ಬೆಳ್ಳಗಾಗಿ ಘಮ್ಮೆಂದಾಗ ಅದನ್ನು ಕೋಳಿಯ ನೀರಿಗೆ ಸುರಿದರು. ಆಮೇಲೆ ಒಂದು ತಾಸು ತಿರುವುತ್ತ ನಿಂತರು. ಅಮ್ಮಿ ಒಗ್ಗರಣೆಗೆಂದು ಎಣ್ಣೆ ಕಾಯಿಸಲು ಹೋದರೆ ಕೈ ಹಿಡಿದು ತಡೆದರು.

ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತು ನಾನು ಕೇಳಿದೆ. “ಎಲ್ಲಿ ಕಲ್ತ್ರಿ?”

ಅವರು ತಿರುವುವುದನ್ನು ನಿಲ್ಲಿಸದೆ ಹೇಳಿದರು. “ಗಲ್ಫಿನ್ಯಾಗ. ಕ್ಯಾಂಪಿನ ಅಡಗಿ ಮನಿಯಾಗ ಒಬ್ಬ ವಿಯೆಟ್ನಾಮಿನವನಿದ್ದ. ವಯಸ್ಸಾದವ. ಹೆಸರು ನಮ್ಮ ನಾಲಿಗಿಗೆ ತಿರುಗತಿರಲಿಲ್ಲ, ಚಾಚಾ ಅಂತಿದ್ವಿ.”

“ನೀ ಅಡಗಿ ಮನಿಯಾಗ ಏನ್ ಮಾಡ್ತಿದ್ದಿ?” ಅಮ್ಮಿ ಕೇಳಿದರು. “ನೀ ಸೂಪರ್‌ವೈಸರ್ ಇದ್ದೆಲ್ಲ.”

“ಬಾಂಡೆ ತಿಕ್ಕತಿದ್ದೆ ಅಮ್ಮಿ. ಆಮ್ಯಾಲ ಉಳ್ಳಾಗಡ್ಡಿ ಹೆಚ್ಚೋ ಕೆಲಸ ಕೊಟ್ರು.”

ಅಮ್ಮಿ ಸೆರಗಿನಿಂದ ಒಲೆಯ ಕಟ್ಟೆ ಒರೆಸತೊಡಗಿದರು, ಕಟ್ಟೆ ಸ್ವಚ್ಛವೇ ಇತ್ತು. ಯೂಸುಫ್ ಮುಂದುವರಿಸಿದರು. ಎರಡನೇ ವರ್ಷ ಅವರಿಗೆ ಟೈಫಾಯ್ಡ್ ಬಂದಿತ್ತಂತೆ. ಹದಿನೈದು ದಿನ ನೀರು ಸಹ ಒಳಗೆ ನಿಲ್ಲುತ್ತಿರಲಿಲ್ಲವಂತೆ. ಆ ಚಾಚಾ ತನ್ನ ಪಾಳಿ ಮುಗಿದ ಮೇಲೆ ಇದನ್ನು ಬೇಯಿಸಿ ತಂದು, ಪಕ್ಕದಲ್ಲಿ ಕೂತು ಒಂದೊಂದು ಚಮಚ ಕುಡಿಸಿದನಂತೆ. ನನಗೆ ಆ ಹದಿನೈದು ದಿನ ನೆನಪಿವೆ. ಫೋನು ಬಂದಿರಲಿಲ್ಲ. ಆಮೇಲೆ ಬಂದಾಗ “ಫೋನ್ ಕೆಟ್ಟಿತ್ತು” ಎಂದಿದ್ದರು, ನಾನು ಸಿಟ್ಟಿನಲ್ಲಿ ಒಂದು ವಾರ ಸರಿಯಾಗಿ ಮಾತಾಡಿರಲಿಲ್ಲ. ಇದನ್ನು ಕೇಳಿದಾಗ ನನಗೆ ಅಳು ಬಂತು. ಉಪ್ಪಿನ ನೀರು ತುಟಿಯ ಹುಣ್ಣಿಗೆ ಇಳಿದು ಉರಿಯಿತು.

ಮೊದಲ ಪಾತ್ರೆ ಕೆಟ್ಟಿತು, ಅದನ್ನೂ ಹೇಳಬೇಕು. ವಿಯೆಟ್ನಾಮಿನಲ್ಲಿ ಇದಕ್ಕೆ ಮೀನಿನಿಂದ ತೆಗೆದ ಉಪ್ಪುರಸ ಹಾಕುತ್ತಾರಂತೆ. ಆಳಂದದಲ್ಲಿ ಅದೆಲ್ಲಿ ಸಿಗಬೇಕು, ನಮ್ಮವರು ಸಂತೆಯ ಒಣಮೀನಿನ ಒಂದು ತುಂಡನ್ನು ಹಾಕಿದ್ದರು. ವಾಸನೆಗೇ ನಾನು ಬಚ್ಚಲಿಗೆ ಓಡಿದೆ. ಅವರು ಪಾತ್ರೆ ತೊಳೆದು, ಉಳಿದ ಕೋಳಿ ಹಾಕಿ ಮತ್ತೆ ಮೊದಲಿಂದ ಶುರು ಮಾಡಿದರು. ಎರಡನೇ ಸಲ ಬರೀ ಉಪ್ಪು.

ಅಕ್ಕಿ ಅರಳಿ ಒಡೆದು, ತಿಳಿಯೂ ಅಗುಳೂ ಬೇರೆಯಾಗದಷ್ಟು ಒಂದಾಗಿತ್ತು. ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ ಹಾಕಿದ್ದರು. ಬಟ್ಟಲನ್ನು ಹದಕ್ಕೆ ಆರಿಸಿ ನನ್ನ ಮುಂದೆ ಇಟ್ಟರು.

ಅಮ್ಮಿ ಬಗ್ಗಿ ನೋಡಿದರು. “ಇದಕ್ಕ ಏನಂತಾರ?”

ಯೂಸುಫ್ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಆ ಮನೆಯಲ್ಲಿ ಇನ್ನು ಮೇಲೆ ಗಂಜಿ ಎನ್ನುವಂತಿರಲಿಲ್ಲ.

“ಚಾವ್” ಎಂದರು ಅವರು. “ಅವರ ದೇಶದಾಗ ಹಂಗs ಅಂತಾರ.”

“ಚಾ? ಚಾದಾಗ ಕೋಳಿ ಹಾಕ್ತಾರೇನೋ?”

“ಚಾ ಅಲ್ಲ ಅಮ್ಮಿ. ಚಾವ್.”

ಅಮ್ಮಿ ಆ ಶಬ್ದವನ್ನು ಬಾಯಲ್ಲಿ ಒಮ್ಮೆ ಹೊರಳಿಸಿದರು. ಉರ್ದುವಿನಲ್ಲಿ ಚಾವ್ ಎಂದರೆ ಅಕ್ಕರೆ, ಮನಸ್ಸಿಟ್ಟು ಬಯಸುವುದು. ಮಕ್ಕಳಿಗೆ ಉಣಿಸುವಾಗ ನಮ್ಮವರು ‘ಚಾವ್ ಸೆ ಖಾ’ ಎನ್ನುತ್ತಾರೆ, ಮನಸಾರೆ ಉಣ್ಣು ಎಂದು. ವಿಯೆಟ್ನಾಮಿನವರು ಏನೆಂದುಕೊಂಡು ಆ ಹೆಸರಿಟ್ಟರೋ ನನಗೆ ಗೊತ್ತಿಲ್ಲ, ಅಮ್ಮಿಗೆ ಮಾತ್ರ ಬೇರೆ ಅರ್ಥ ಬೇಕಾಗಲಿಲ್ಲ. ಯೂಸುಫ್ ಕೈಯಿಂದ ಚಮಚ ಕಸಿದುಕೊಂಡು ನನ್ನ ಪಕ್ಕ ಕೂತರು.

“ಚಾವ್ ಸೆ ಖಾ, ಬೇಟಿ.”

ಮೊದಲ ಚಮಚ ನಾಲಿಗೆಯ ಮೇಲೆ ಸುಮ್ಮನೆ ಕೂತಿತು. ಉರಿಯಲಿಲ್ಲ. ನಾನು ನುಂಗಿದೆ. ಗಂಟಲಲ್ಲಿ ನೋವಾಯಿತು, ಆದರೆ ಇಳಿಯಿತು. ಎರಡನೆಯದು ಇಳಿಯಿತು. ಒಂಬತ್ತು ಚಮಚ ಉಂಡೆ. ಹತ್ತನೆಯದಕ್ಕೆ ಕೈ ಅಡ್ಡ ಹಿಡಿದು, ಉಣ್ಣುವುದಕ್ಕಿಂತ ಕಷ್ಟದ ಕೆಲಸ ಮಾಡಿದೆ. ಮಹಾದೇವಿ ಆ ದಿನ ಅಂದದ್ದೇನು ಎಂದು ಅಮ್ಮಿಗೆ ಬಿಡಿಸಿ ಹೇಳಿದೆ.

ಅಮ್ಮಿ ಚಮಚವನ್ನು ಬಟ್ಟಲಿಗೆ ಇಳಿಸಿದರು.

“ನಿನಗ ಅವತ್ತs ಗೊತ್ತಿತ್ತೇನು?”

“ಗೊತ್ತಿತ್ತು.”

“ನಾ ಅವಳ ಕೈಗೆ ಖಾಲಿ ಡಬ್ಬಿ ಕೊಟ್ಟೆ” ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಅಮ್ಮಿ ನಮ್ಮ ಮನೆಯ ದೊಡ್ಡ ಡಬ್ಬಿಯ ತುಂಬ ಸಕ್ಕರೆ ತುಂಬಿಕೊಂಡು ಪಕ್ಕದ ಮನೆಗೆ ಹೊರಟರು. ನಾನೂ ಗೋಡೆ ಹಿಡಿದು ಹಿಂದೆ ಹೋದೆ. ಮಹಾದೇವಿ ಬಾಗಿಲಲ್ಲಿ ನಿಂತಳು, ಬನ್ನಿ ಎನ್ನಲಿಲ್ಲ.

ಅಮ್ಮಿ ತಮ್ಮ ಕನ್ನಡದಲ್ಲಿ ಹೇಳಿದರು. “ಮಹಾದೇವಿ, ನನ್ದು ಕನ್ನಡ ಛಲೋ ಇಲ್ಲ. ತಪ್ಪು ಆಯ್ತು.”

ಉಳಿದದ್ದನ್ನು ನಾನು ಹೇಳಿದೆ. ಗಂಜಿ ಎಂದರೆ ನಮ್ಮಲ್ಲಿ ಏನು ಅರ್ಥ ಎಂಬುದು ತಿಳಿದಾಗ ಮಹಾದೇವಿ ಬಾಯಿಗೆ ಕೈ ಹಚ್ಚಿದಳು. “ಅಯ್ಯ ನಮ್ಮವ್ವ, ನಂದs ಗಂಜಿ ಅಂತ ನಕ್ಕಿದ್ನೆಲ್ರಿ ನಾನು. ಖರೇವಂದ್ರ ನನಗೇನೂ ಗೊತ್ತಿರಲಿಲ್ರಿ ಟೀಚರ್. ನಿಮ್ಮ ತಲಿ ನಾ ನೋಡೇ ಇಲ್ಲ.”

ನಾನು ಓಢಣಿ ತೆಗೆದೆ. ಯಾಕೆ ತೆಗೆದೆನೋ, ಮೊದಲೇ ಯೋಚಿಸಿದ್ದಲ್ಲ. ಅಮ್ಮಿ ತಡೆಯಲು ಕೈ ಎತ್ತಿ ಹಾಗೇ ಇಳಿಸಿದರು. ಮಹಾದೇವಿ ಹತ್ತಿರ ಬಂದು ಅಂಗೈಯನ್ನು ನನ್ನ ನೆತ್ತಿಯ ಮೇಲಿಟ್ಟಳು. ಸಣ್ಣ ಕೂಸಿನ ತಲೆ ನೇವರಿಸುವ ಹಾಗೆ ಎರಡು ಸಲ ಸವರಿದಳು.

“ಒಳಗ ಬರ್ರಿ, ಬಿಸಲಾಗ ನಿಂತೀರಿ” ಎಂದಳು.

ಆಮೇಲಿನ ಎಂಟು ದಿನ ನಾನು ಮಾಡಿದ ಕೆಲಸ ಒಂದೇ, ನುಂಗುವುದು. ಬೆಳಿಗ್ಗೆ ಮಹಾದೇವಿಯದು, ಹುರಿದ ಅಕ್ಕಿ, ಶುಂಠಿ, ಹೆಸರುಬೇಳೆ ಹಾಕಿ ಅವಳು ಮಾಡಿದ ಕೋಳಿಯಿಲ್ಲದ ಚಾವ್. ಮಧ್ಯಾಹ್ನ ಮತ್ತು ಸಂಜೆ ಯೂಸುಫ್ ಅವರದು. ಅಂಗಡಿಯಿಂದ ನಡುವೆ ಬಂದು ಬೇಯಿಸಿಟ್ಟು ಹೋಗುತ್ತಿದ್ದರು. ಒಂಬತ್ತು ಚಮಚ ಹದಿನೈದಾಯಿತು, ಅರ್ಧ ಬಟ್ಟಲಾಯಿತು. ಎರಡು ದಿನ ಎಲ್ಲ ವಾಂತಿಯಾಯಿತು. ಅಳುತ್ತ ಉಂಡಿದ್ದೇನೆ, ಬೈಯುತ್ತ ಉಂಡಿದ್ದೇನೆ. ಈಗ ಆ ಕುರ್ಚಿಗಳಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಹೇಳುತ್ತೇನೆ, ನಿಮ್ಮ ಮನೆಯವರು ಬಟ್ಟಲು ಹಿಡಿದು ಬಂದಾಗ ನಿಮಗೆ ಅವರ ಮೇಲೆ ಸಿಟ್ಟು ಬಂದರೆ ನೀವು ಕೆಟ್ಟವರಲ್ಲ. ನನಗೂ ಬರುತ್ತಿತ್ತು.

ಹತ್ತನೇ ದಿನ ಕಲಬುರಗಿಯಲ್ಲಿ ಚಪ್ಪಲಿ ಬಿಟ್ಟು ಯಂತ್ರದ ಮೇಲೆ ನಿಂತೆ. ಯೂಸುಫ್ ಗೋಡೆಯ ಕಡೆ ತಿರುಗಿಕೊಂಡಿದ್ದರು. ಸಿಸ್ಟರ್ ಬಗ್ಗಿ ನೋಡಿ “ನಲವತ್ತೊಂದೂವರಿ” ಎಂದಳು. ಅವರು ತಿರುಗಲಿಲ್ಲ, ಹೆಗಲು ಮಾತ್ರ ಅಲುಗಿತು. ಡಾಕ್ಟರಮ್ಮ ರಕ್ತದ ರಿಪೋರ್ಟನ್ನು ಎರಡು ಸಲ ಓದಿ, “ಕೊಡೂಣು” ಎಂದರು.

ಎಡ ಎದೆಯ ಆಪರೇಷನ್ ಆದ ಮೇಲೆ ಆ ಕಡೆಯ ಕೈಗೆ ಚುಚ್ಚುವಂತಿಲ್ಲ. ಇರುವುದು ಬಲಗೈ ಒಂದೇ. ಮೂರು ಸಲ ಚುಚ್ಚಿ ಅದರ ನರ ಗಟ್ಟಿಯಾಗಿದ್ದವು. ಸಿಸ್ಟರ್ ಮಣಿಕಟ್ಟು ಹುಡುಕಿದಳು, ಮೊಣಕೈ ಹುಡುಕಿದಳು. ಎರಡು ಸಲ ಸೂಜಿ ಹೊರಗೆ ತೆಗೆದಳು. “ಭಾಳ ನೋಯ್ತದ್ರಿ ಟೀಚರ್. ಸ್ವಲ್ಪ ತಡದು ಹಾಕ್ಲೇನು? ನಾಳೆ ಬಂದ್ರೂ ನಡೀತದ” ಎಂದಳು.

ಹದಿನೈದು ದಿನದ ಹಿಂದೆ ಆ ಮಾತು ಕೇಳಲು ನಾನು ಅಲ್ಲಾಹನಲ್ಲಿ ಕೈಯೆತ್ತಿ ಬೇಡಿಕೊಂಡಿದ್ದೆ.

“ಬ್ಯಾಡ್ರಿ” ಎಂದೆ. “ಇವತ್ತs ಹಾಕ್ರಿ.”

ಅಂಗಿಯ ತೋಳನ್ನು ಭುಜದವರೆಗೆ ಮಡಚಿ, ಕೈಯನ್ನು ನಾನೇ ಅವಳ ಮುಂದೆ ಚಾಚಿದೆ.